ಟ್ರಾವೆಲ್ ಟ್ರೈಲರ್‌ಗೆ ನೂರು ಪೌಂಡ್‌ನ ಪ್ರೊಪೇನ್ ಟ್ಯಾಂಕ್: ಒಂದು ಚಳಿಗಾಲದ ಬಳಕೆಯ ನಂತರ

ಕೆಲಸದ ನಿಮಿತ್ತ ಕಳೆದ ನವೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ನಾನೂ ನನ್ನ ಪತ್ನಿಯೂ ಅಮೆರಿಕದ ಉತ್ತರದ ಒಂದು ರಾಜ್ಯದಲ್ಲಿ, ಆರ್‌ವಿ ಪಾರ್ಕೊಂದರಲ್ಲಿ (ಚಲಿಸುವ ಮನೆಗಳನ್ನು ನಿಲ್ಲಿಸುವ ತಾಣ) ನಿಲ್ಲಿಸಿದ್ದ ಟ್ರಾವೆಲ್ ಟ್ರೈಲರ್‌ನಲ್ಲಿಯೇ, ಅಂದರೆ ವಾಹನಕ್ಕೆ ಕಟ್ಟಿ ಎಳೆದೊಯ್ಯುವ ಮನೆಯಲ್ಲಿಯೇ, ವಾಸವಾಗಿದ್ದೆವು. ಟ್ರೈಲರ್‌ನ ಮುಂಭಾಗದ ಚೌಕಟ್ಟಿನ ಮೇಲೆ ತಲಾ 30 ಪೌಂಡ್ ಅನಿಲ ಹಿಡಿಯುವ ಎರಡು ಪ್ರೊಪೇನ್ ಸಿಲಿಂಡರ್‌ಗಳು ಮೊದಲಿನಿಂದಲೂ ಇದ್ದವು. ಬೇಸಿಗೆಯ ಪ್ರವಾಸಗಳಲ್ಲಿ ಅವೆರಡೂ ಸೇರಿ ಒಂದು ತಿಂಗಳಿಗೂ ಹೆಚ್ಚು ಬರುತ್ತಿದ್ದವು. ಡಿಸೆಂಬರ್‌ನ ಮೊದಲ ಗಟ್ಟಿ ಚಳಿ ಬಿದ್ದ ವಾರದಲ್ಲಿ ಮಾತ್ರ ನಾಲ್ಕು ದಿನ ದಾಟುವಷ್ಟರಲ್ಲಿ ಎರಡೂ ಬರಿದಾದವು. ನಡುರಾತ್ರಿ, ಟ್ರೈಲರನ್ನು ಬೆಚ್ಚಗಿಡುವ ಫರ್ನೇಸ್‌ನ ಫ್ಯಾನ್ ತಣ್ಣನೆಯ ಗಾಳಿಯನ್ನು ಊದತೊಡಗಿದಾಗಲೇ ನಮಗೆ ಅದು ಗೊತ್ತಾದದ್ದು. ಆ ವಾರವೇ ನಾವು ಉಕ್ಕಿನ 100 ಪೌಂಡ್‌ನ ಹೊಸ ಟ್ಯಾಂಕ್ ಒಂದನ್ನು ಕೊಂಡೆವು. ನಾಲ್ಕು ತಿಂಗಳ ಬಳಕೆಯಲ್ಲಿ ಅದು ಹೇಗೆ ನಡೆದುಕೊಂಡಿತು, ಎಲ್ಲಿ ನಮ್ಮನ್ನು ಕಾಡಿತು ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕವನ್ನು ನೋಡೋಣ, ಏಕೆಂದರೆ ಈ ಟ್ಯಾಂಕಿನ ಬಗ್ಗೆ ಇಟ್ಟುಕೊಳ್ಳುವ ತಪ್ಪು ನಿರೀಕ್ಷೆಗಳೆಲ್ಲ ಲೆಕ್ಕ ಹಾಕದೇ ಇರುವುದರಿಂದಲೇ ಹುಟ್ಟುತ್ತವೆ. ಒಂದು ಗ್ಯಾಲನ್ ದ್ರವ ಪ್ರೊಪೇನ್ ಸುಮಾರು 4.2 ಪೌಂಡ್ ತೂಗುತ್ತದೆ ಮತ್ತು ಉರಿದಾಗ ಸುಮಾರು 91,500 ಬಿಟಿಯು (ಶಾಖವನ್ನು ಅಳೆಯುವ ಒಂದು ಮಾನ) ಶಾಖವನ್ನು ಕೊಡುತ್ತದೆ. ನಮ್ಮ ಫರ್ನೇಸ್ ಗಂಟೆಗೆ 30,000 ಬಿಟಿಯು ಬಳಸುವಂಥದ್ದು. ಕೊರೆಯುವ ಚಳಿಯ ದಿನಗಳಲ್ಲಿ ಅದು ಗಂಟೆಗೆ ಸುಮಾರು 25 ನಿಮಿಷ, ಅಂದರೆ ದಿನಕ್ಕೆ ಹತ್ತು ಗಂಟೆ ಉರಿಯುತ್ತಿತ್ತು. ಹಾಗೆ ದಿನಕ್ಕೆ ಮೂರೂ ಕಾಲು ಗ್ಯಾಲನ್, ಹತ್ತಿರ ಹತ್ತಿರ 14 ಪೌಂಡ್ ಅನಿಲ ಖರ್ಚಾಗುತ್ತದೆ. ನೂರು ಪೌಂಡ್‌ನ ಟ್ಯಾಂಕಿನಲ್ಲಿ ಹಿಡಿಯುವುದು ಸುಮಾರು 23.6 ಗ್ಯಾಲನ್. ಆದ್ದರಿಂದ ಇಷ್ಟು ದೊಡ್ಡ ಟ್ಯಾಂಕ್ ಕೂಡ ಕಡುಚಳಿಯಲ್ಲಿ ನಡೆದದ್ದು ಒಂದು ವಾರ ಮಾತ್ರ. ಇಡೀ ಚಳಿಗಾಲಕ್ಕೆ ಒಮ್ಮೆ ತುಂಬಿಸಿದರೆ ಸಾಕು ಎಂದುಕೊಂಡು ಕೊಳ್ಳುವವರಿಗೆ ನಿರಾಶೆ ಖಂಡಿತ. ಫ್ರಿಜ್ ಮತ್ತು ವಾಟರ್ ಹೀಟರ್‌ಗಳನ್ನು ನಾವು ವಿದ್ಯುತ್ತಿನಲ್ಲಿ ನಡೆಸುತ್ತಿದ್ದೆವು ಎಂಬುದನ್ನೂ ಇಲ್ಲಿ ಹೇಳಬೇಕು. ಅವೂ ಅನಿಲದಲ್ಲೇ ನಡೆದಿದ್ದರೆ ವಾರವೂ ತುಂಬುತ್ತಿರಲಿಲ್ಲ.

ಹಾಗಿದ್ದರೆ ವಿದ್ಯುತ್ ಹೀಟರ್ ಒಂದನ್ನೇ ನೆಚ್ಚಿಕೊಳ್ಳಬಹುದಿತ್ತಲ್ಲ ಎಂದು ಹಲವರು ಕೇಳಿದ್ದಾರೆ. 1,500 ವಾಟ್‌ನ ಹೀಟರ್ ಗಂಟೆಗೆ ಕೊಡುವುದು ಸುಮಾರು 5,100 ಬಿಟಿಯು ಮಾತ್ರ, ಮತ್ತು 30 ಆಂಪಿಯರ್‌ನ ಸಂಪರ್ಕದಲ್ಲಿ ಅಂತಹ ಎರಡು ಹೀಟರ್‌ಗಳನ್ನು ಹಾಕಿದರೆ ಮಿಕ್ಕ ಯಾವ ಉಪಕರಣಕ್ಕೂ ಹೆಚ್ಚಿನ ಜಾಗ ಉಳಿಯುವುದಿಲ್ಲ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ: ನಮ್ಮ ಟ್ರೈಲರ್‌ನಲ್ಲಿ ಫರ್ನೇಸ್‌ನ ಬಿಸಿಗಾಳಿ ನೆಲದಡಿಯ ನೀರಿನ ಟ್ಯಾಂಕ್ ಮತ್ತು ಪೈಪುಗಳ ಕಡೆಗೂ ಹರಿಯುತ್ತದೆ. ಒಳಗಿನ ಕೋಣೆಯನ್ನಷ್ಟೇ ಬೆಚ್ಚಗಿಟ್ಟರೆ ಕೆಳಗಿನ ನೀರು ಹೆಪ್ಪುಗಟ್ಟುತ್ತದೆ.

ಒಂದೇ ವಾರ ಬರುವ ಟ್ಯಾಂಕನ್ನು ನಾನೇಕೆ ಮೆಚ್ಚುತ್ತೇನೆ ಎಂಬುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಅನಿಲದ ಪ್ರಮಾಣಕ್ಕಿಂತ ಅದು ಆವಿಯಾಗುವ ರೀತಿಗೆ ಸಂಬಂಧಿಸಿದ್ದು. ಟ್ಯಾಂಕಿನೊಳಗೆ ಇರುವುದು ದ್ರವ; ನಾವು ಉರಿಸುವುದು ಆ ದ್ರವದ ಮೇಲೆ ಕುದಿದು ನಿಂತ ಆವಿಯನ್ನು. ಪ್ರೊಪೇನ್ ಮೈನಸ್ 44 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿಯೇ ಕುದಿಯುತ್ತದೆಯಾದರೂ, ಕುದಿಯುವುದಕ್ಕೆ ಬೇಕಾದ ಶಾಖವನ್ನು ಅದು ಟ್ಯಾಂಕಿನ ಗೋಡೆಯ ಮೂಲಕ ಹೊರಗಿನ ಗಾಳಿಯಿಂದಲೇ ಎಳೆದುಕೊಳ್ಳಬೇಕು. 70 ಡಿಗ್ರಿಯ ದಿನ ನೂರು ಪಿಎಸ್‌ಐಗೂ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂದು ಒತ್ತಡವನ್ನು ಅಳೆಯುವ ಮಾನ) ಮೀರಿರುವ ಟ್ಯಾಂಕಿನ ಒತ್ತಡ, ಶೂನ್ಯ ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅದರ ಕಾಲು ಭಾಗದ ಆಸುಪಾಸಿಗೆ ಇಳಿದಿರುತ್ತದೆ. ಅಂಥ ಹೊತ್ತಿನಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದ ಸಣ್ಣ ಸಿಲಿಂಡರ್‌ನಿಂದ ಫರ್ನೇಸ್ ಎಡೆಬಿಡದೆ ಅನಿಲ ಸೆಳೆದರೆ, ದ್ರವ ತಾನೇ ತಣ್ಣಗಾಗುತ್ತಾ, ಹೊರಮೈಗೆ ಹಿಮದ ಹೊದಿಕೆ ಕಟ್ಟಿ, ಒತ್ತಡ ಇನ್ನಷ್ಟು ಕುಸಿಯುತ್ತದೆ. ಅನಿಲ ಉಳಿದಿದ್ದರೂ ಉರಿ ಸೊರಗುತ್ತದೆ. ದೊಡ್ಡ ಟ್ಯಾಂಕಿನಲ್ಲಿ ದ್ರವ ತಾಗಿಕೊಂಡಿರುವ ಗೋಡೆಯ ವಿಸ್ತಾರ ಬಹಳ ಹೆಚ್ಚು. ಶಾಖ ಒಳಬರುವ ದಾರಿ ಅಷ್ಟೇ ಅಗಲ. ಜನವರಿಯಲ್ಲಿ ಸತತ ಮೂರು ರಾತ್ರಿ ಶೂನ್ಯಕ್ಕಿಂತ ಕೆಳಗಿಳಿದಿದ್ದಾಗಲೂ ನಮ್ಮ ಫರ್ನೇಸ್ ಒಮ್ಮೆಯೂ ಮುಗ್ಗರಿಸಲಿಲ್ಲ. ಈ ಟ್ಯಾಂಕಿಗೆ ಕೊಟ್ಟ ಹಣ ಸಾರ್ಥಕವಾದದ್ದು ಆ ಮೂರು ರಾತ್ರಿಗಳಲ್ಲಿ ಎಂದೇ ನಾನು ಭಾವಿಸುತ್ತೇನೆ.

ಇದೇ ಕಾರಣಕ್ಕೆ ಟ್ಯಾಂಕಿಗೆ ಕಂಬಳಿ ಸುತ್ತುವುದು ತಪ್ಪು. ಪಕ್ಕದ ಟ್ರೈಲರ್‌ನ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದ ಹಳೆಯ ಹೊದಿಕೆಯೊಂದನ್ನು ತಂದುಕೊಟ್ಟಿದ್ದರು. ಟ್ಯಾಂಕಿಗೆ ತನ್ನದೇ ಆದ ಶಾಖ ಇಲ್ಲವಾದ್ದರಿಂದ ಹೊದಿಕೆ ಕಾಪಾಡುವಂಥದ್ದೇನೂ ಅಲ್ಲಿರುವುದಿಲ್ಲ. ಹೊರಗಿನಿಂದ ಬರಬೇಕಾದ ಶಾಖವನ್ನೇ ಅದು ತಡೆಯುತ್ತದೆ. ಸುತ್ತಲೂ ಹಿಮ ಪೇರಿಕೊಂಡಾಗ ಅದನ್ನು ಸರಿಸಿ ಗಾಳಿಯಾಡಲು ಬಿಡುವುದೇ ಸರಿಯಾದ ಕ್ರಮ. ಬೆಂಕಿಯನ್ನೋ ರೂಮ್ ಹೀಟರನ್ನೋ ಟ್ಯಾಂಕಿನ ಹತ್ತಿರ ಒಯ್ಯುವ ಯೋಚನೆಯನ್ನು ಯಾರೂ ಮಾಡಬಾರದು.

ಎರಡನೆಯ ಕಾರಣ ಜೋಡಣೆಯಿಂದ ಸಿಕ್ಕ ನೆಮ್ಮದಿ. ನಮ್ಮ ಟ್ರೈಲರ್‌ನ ರೆಗ್ಯುಲೇಟರ್‌ಗೆ ಎರಡು ಒಳದಾರಿಗಳಿವೆ. ಒಂದು ಕಡೆಯ ಸಿಲಿಂಡರ್ ಮುಗಿದರೆ ಅದು ತಾನಾಗಿಯೇ ಇನ್ನೊಂದಕ್ಕೆ ಬದಲಾಗಿ, ಹಸಿರಿದ್ದ ಗುರುತನ್ನು ಕೆಂಪಾಗಿಸುತ್ತದೆ. ಒಂದು ಕಡೆಗೆ ದೊಡ್ಡ ಟ್ಯಾಂಕನ್ನೂ ಇನ್ನೊಂದು ಕಡೆಗೆ 30 ಪೌಂಡ್‌ನ ಹಳೆಯ ಸಿಲಿಂಡರನ್ನೂ ಜೋಡಿಸಿದೆವು. ಕೆಂಪು ಕಂಡಿತೆಂದರೆ ದೊಡ್ಡದು ಮುಗಿದಿದೆ, ತುಂಬಿಸಲು ಇನ್ನೂ ಎರಡು ದಿನ ಸಮಯವಿದೆ ಎಂದರ್ಥ. ಮತ್ತೊಂದು 30 ಪೌಂಡ್‌ನ ಸಿಲಿಂಡರ್ ತುಂಬಿಕೊಂಡು ಪಕ್ಕದಲ್ಲೇ ಇರುತ್ತಿತ್ತು. ಆಮೇಲೆ ಅನಿಲಕ್ಕಾಗಿ ನಾವು ರಾತ್ರಿ ಎದ್ದದ್ದಿಲ್ಲ.

ಆದರೆ ಈ ಜೋಡಣೆಯ ಹಂತದಲ್ಲಿಯೇ ನಾವು ಎಡವಿದ್ದು, ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಟ್ಯಾಂಕ್ ಮಾರಿದ ಅಂಗಡಿಯವರು ಅದರ ಜೊತೆಗೆ ಹೋಸ್ ಮತ್ತು ರೆಗ್ಯುಲೇಟರ್ ಸೇರಿದ ಒಂದು ಕಟ್ಟನ್ನು ಕೊಟ್ಟು, ನೇರವಾಗಿ ಟ್ರೈಲರ್‌ಗೆ ಸಿಕ್ಕಿಸಿಬಿಡಿ ಎಂದಿದ್ದರು. ಹಾಗೆಯೇ ಮಾಡಿದಾಗ ಒಲೆಯ ಒಂದು ಬರ್ನರ್ ಚೆನ್ನಾಗಿಯೇ ಉರಿಯಿತು, ಆದರೆ ಫರ್ನೇಸ್ ಶುರುವಾದ ಕ್ಷಣವೇ ಆ ಉರಿ ಕುಗ್ಗಿ ಹಳದಿಗೆ ತಿರುಗಿತು. ಕಾರಣ ಇಷ್ಟೇ. ಟ್ರೈಲರ್‌ನ ಉಪಕರಣಗಳಿಗೆ ಬೇಕಾದ ಒತ್ತಡ 11 ಅಂಗುಲ ನೀರಿನ ಕಂಬದಷ್ಟು, ಅಂದರೆ ಅರ್ಧ ಪಿಎಸ್‌ಐಗೂ ಕಡಿಮೆ. ಟ್ರೈಲರ್‌ನಲ್ಲಿರುವ ಎರಡು ಹಂತದ ರೆಗ್ಯುಲೇಟರ್ ಟ್ಯಾಂಕಿನ ಪೂರ್ಣ ಒತ್ತಡವನ್ನು ಪಡೆದು ಅಷ್ಟಕ್ಕೆ ಇಳಿಸುವ ಕೆಲಸ ಮಾಡುತ್ತದೆ. ಅದಕ್ಕೂ ಮೊದಲೇ ಇನ್ನೊಂದು ಕಡಿಮೆ ಒತ್ತಡದ ರೆಗ್ಯುಲೇಟರ್ ಕೂರಿಸಿದರೆ, ಆಗಲೇ ಇಳಿದುಹೋದ ಒತ್ತಡವನ್ನು ಎರಡನೆಯದು ಮತ್ತೆ ಇಳಿಸಲು ಹೊರಡುತ್ತದೆ. ಮರುದಿನ ಆ ಕಟ್ಟನ್ನು ಹಿಂದಿರುಗಿಸಿ, ಪ್ರೊಪೇನ್‌ಗೆಂದೇ ತಯಾರಿಸಿದ, ಹೆಚ್ಚು ಒತ್ತಡ ತಾಳುವ 12 ಅಡಿ ಉದ್ದದ ಹೋಸ್ ತಂದು ಟ್ಯಾಂಕಿನಿಂದ ಟ್ರೈಲರ್‌ನ ರೆಗ್ಯುಲೇಟರ್‌ಗೆ ಜೋಡಿಸಿದ ಮೇಲೆ ಎಲ್ಲವೂ ಸರಿಹೋಯಿತು. ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದು: ಒತ್ತಡ ಇಳಿಯುವುದು ಎಲ್ಲಿ, ಎಷ್ಟು ಸಲ?

ವಾಲ್ವ್‌ನ ಬಗ್ಗೆಯೂ ತಿಳಿದಿರಬೇಕು. ಸಣ್ಣ ಸಿಲಿಂಡರ್‌ಗಳಲ್ಲಿ ಕೈಯಿಂದಲೇ ತಿರುಗಿಸಿ ಬಿಗಿಯುವ ದೊಡ್ಡ ಪ್ಲಾಸ್ಟಿಕ್ ತಿರುಪು ಇರುತ್ತದೆ; ನಮ್ಮ ನೂರು ಪೌಂಡ್‌ನ ಟ್ಯಾಂಕಿಗೆ ಇದ್ದದ್ದು ಪಿಒಎಲ್ ಎಂಬ ಹಳೆಯ ಬಗೆಯ ಹಿತ್ತಾಳೆಯ ಜೋಡಣೆ. ಅದು ಎಡತಿರುಪಿನದು, ಸ್ಪ್ಯಾನರ್ ಬೇಕು. ಜೋಡಿಸಿದ ಪ್ರತಿ ಸಲವೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಲೇಬೇಕು. ನಮ್ಮಲ್ಲಿ ಮೂರನೆಯ ಸಲ ಗುಳ್ಳೆ ಎದ್ದಿತು, ಹಿತ್ತಾಳೆಯ ತುದಿಯಲ್ಲಿ ಸಣ್ಣದೊಂದು ಗೀರು ಬಿದ್ದಿತ್ತು. ಇನ್ನು, 4ರಿಂದ 40 ಪೌಂಡ್‌ವರೆಗಿನ ಸಿಲಿಂಡರ್‌ಗಳಲ್ಲಿ ಅತಿಯಾಗಿ ತುಂಬುವುದನ್ನು ತಡೆಯುವ ಒಪಿಡಿ ಎಂಬ ವ್ಯವಸ್ಥೆ ಇರುತ್ತದೆ. ಅದಿಲ್ಲದ ಆ ಗಾತ್ರದ ಸಿಲಿಂಡರ್‌ಗಳನ್ನು ತುಂಬುವುದನ್ನು ಅಮೆರಿಕದಲ್ಲಿ 2002ರಿಂದ ನಿಲ್ಲಿಸಲಾಗಿದೆ. ನೂರು ಪೌಂಡ್‌ನ ಟ್ಯಾಂಕಿಗೆ ಈ ವ್ಯವಸ್ಥೆ ಇಲ್ಲ. 80 ಪ್ರತಿಶತದ ಮಟ್ಟವನ್ನು ತೋರಿಸುವ ಒಂದು ಪುಟ್ಟ ತಿರುಪು ಮಾತ್ರ ಇದೆ, ತುಂಬುವಾಗ ಅದರಿಂದ ದ್ರವ ಚಿಮ್ಮಿದ ಕೂಡಲೇ ನಿಲ್ಲಿಸಬೇಕು. ಬಿಸಿಲೇರಿದಾಗ ದ್ರವ ಹಿಗ್ಗಲು ಉಳಿದ 20 ಪ್ರತಿಶತ ಜಾಗ ಬೇಕೇ ಬೇಕು. ಹಾಗಾಗಿ ತುಂಬುವವರ ಅನುಭವ ಇಲ್ಲಿ ಹೆಚ್ಚು ಮುಖ್ಯ. ಹೊಸ ಟ್ಯಾಂಕನ್ನು ಮೊದಲ ಸಲ ತುಂಬುವಾಗ ಒಳಗಿನ ಗಾಳಿ ಮತ್ತು ತೇವವನ್ನು ಪ್ರೊಪೇನ್ ಆವಿಯಿಂದಲೇ ಹೊರಹಾಕಿಸಬೇಕೆಂಬುದನ್ನು ಮರೆಯಬೇಡಿ; ಆ ತೇವ ಚಳಿಯಲ್ಲಿ ರೆಗ್ಯುಲೇಟರ್‌ನೊಳಗೆ ಹೆಪ್ಪುಗಟ್ಟಿ ದಾರಿಯನ್ನೇ ಮುಚ್ಚಬಲ್ಲದು.

ಈ ಟ್ಯಾಂಕಿನ ದೊಡ್ಡ ದೋಷ ಅದರ ತೂಕ. ಬರಿಯ ಉಕ್ಕೇ ಸುಮಾರು 70 ಪೌಂಡ್; ತುಂಬಿದಾಗ ಸುಮಾರು 170 ಪೌಂಡ್, ಎತ್ತರ ನಾಲ್ಕು ಅಡಿಯಷ್ಟು. ಒಬ್ಬರೇ ಎತ್ತುವ ಮಾತಿಲ್ಲ. ಕಾರಿನೊಳಗೆ ಮಲಗಿಸಿ ಒಯ್ಯುವಂತೆಯೂ ಇಲ್ಲ, ಏಕೆಂದರೆ ಒತ್ತಡ ಹೆಚ್ಚಾದಾಗ ಬಿಡುಗಡೆ ಮಾಡುವ ವಾಲ್ವ್ ಯಾವಾಗಲೂ ಆವಿಯಿರುವ ಭಾಗದಲ್ಲೇ ಇರಬೇಕು. ಮಲಗಿಸಿದರೆ ಅಲ್ಲಿಗೆ ದ್ರವ ಬಂದು ನಿಲ್ಲುತ್ತದೆ. ಮೊದಲ ಎರಡು ಸಲ ಪಿಕಪ್ ಟ್ರಕ್‌ನ ಹಿಂಭಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಪಟ್ಟಿಗಳಿಂದ ಬಿಗಿದು, ಗೆಳೆಯರೊಬ್ಬರ ನೆರವಿನಿಂದ ತುಂಬಿಸಿ ತಂದೆವು. ಮಂಜುಗಟ್ಟಿದ ನೆಲದ ಮೇಲೆ ಅದನ್ನು ಇಳಿಸುವುದು ನಿಜಕ್ಕೂ ಅಪಾಯದ ಕೆಲಸ. ಮೂರನೆಯ ಸಲದಿಂದ ಲಾರಿಯಲ್ಲಿ ಬಂದು ಸ್ಥಳದಲ್ಲೇ ತುಂಬಿಕೊಡುವವರನ್ನು ಗೊತ್ತುಮಾಡಿಕೊಂಡೆವು. ಅಂಥ ಸೇವೆ ನಿಮ್ಮ ಪಾರ್ಕಿಗೆ ಬರುವುದಿಲ್ಲವಾದರೆ ಈ ಟ್ಯಾಂಕನ್ನು ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಬದಲಿಗೆ 40 ಪೌಂಡ್‌ನ ಎರಡು ಸಿಲಿಂಡರ್‌ಗಳು ಮೇಲು. ತುಂಬಿದ ಸಿಲಿಂಡರ್ ಕೊಟ್ಟು ಖಾಲಿಯದನ್ನು ಒಯ್ಯುವ ಅಂಗಡಿಗಳನ್ನು ನೆಚ್ಚುವುದಾದರೆ, 20 ಪೌಂಡ್‌ನ ಸಿಲಿಂಡರ್‌ನಲ್ಲಿ ಅವರು ಸಾಮಾನ್ಯವಾಗಿ 15 ಪೌಂಡ್ ಮಾತ್ರ ತುಂಬಿರುತ್ತಾರೆ ಎಂಬುದು ಗಮನದಲ್ಲಿರಲಿ.

ಸ್ಥಳದಲ್ಲೇ ತುಂಬಿಸುವುದಾದರೆ ಟ್ಯಾಂಕ್ ನಿಲ್ಲುವ ಜಾಗಕ್ಕೂ ನಿಯಮವಿದೆ. ಅಮೆರಿಕದಲ್ಲಿ ಪ್ರೊಪೇನ್‌ಗೆ ಸಂಬಂಧಿಸಿದ ಎನ್‌ಎಫ್‌ಪಿಎ 58 ಸಂಹಿತೆಯ ಪ್ರಕಾರ ಹಾಗೆ ತುಂಬಿಸುವ ಸಿಲಿಂಡರ್ ಕಿಡಿ ಹುಟ್ಟುವ ಜಾಗಗಳಿಂದ 10 ಅಡಿ ದೂರವಿರಬೇಕು. ಫರ್ನೇಸ್‌ನ ಹೊಗೆಬಾಯಿ ನಮ್ಮ ಟ್ರೈಲರ್‌ನ ಪಕ್ಕದ ಗೋಡೆಯಲ್ಲಿ, ಹಿಂದಿನ ಅರ್ಧದಲ್ಲಿ ಇರುವುದರಿಂದ ಟ್ಯಾಂಕನ್ನು ಮುಂಭಾಗದ ಆಚೆಗೆ, ಎರಡು ಕಾಂಕ್ರೀಟ್ ಚಪ್ಪಡಿಗಳ ಮೇಲೆ ನಿಲ್ಲಿಸಿ, ಕಂಬವೊಂದಕ್ಕೆ ಸರಪಳಿಯಿಂದ ಬಿಗಿದೆವು. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಸೋರಿದರೆ ತಗ್ಗಿನಲ್ಲಿಯೇ ಮಡುಗಟ್ಟುತ್ತದೆ. ಟ್ರೈಲರ್‌ನಲ್ಲಿ ಅನಿಲದ ಅಲಾರಂ ನೆಲದ ಹತ್ತಿರ ಇರುವುದು ಅದಕ್ಕೇ. ಹೊಸ ಉಕ್ಕಿನ ಟ್ಯಾಂಕಿನಲ್ಲಿ ಅನಿಲಕ್ಕೆ ಸೇರಿಸಿದ ವಾಸನೆ ಮಂಕಾಗುವ ಸಾಧ್ಯತೆಯೂ ಇರುವುದರಿಂದ ಮೂಗನ್ನಷ್ಟೇ ನಂಬದೆ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳಿ.

ಟ್ಯಾಂಕಿನ ಮೇಲೆ ಮಟ್ಟ ತೋರಿಸುವ ಮಾಪಕ ಇಲ್ಲ ಎಂಬುದು ಒಂದು ಸಣ್ಣ ಕೊರತೆ. ಒಂದು ಚೊಂಬು ಬಿಸಿನೀರನ್ನು ಮೇಲಿನಿಂದ ಸುರಿದು ಕೈಯಾಡಿಸಿದರೆ, ದ್ರವ ಇರುವಲ್ಲಿ ಉಕ್ಕು ತಣ್ಣಗೆ ತಾಗುತ್ತದೆ. ನನ್ನ ಪತ್ನಿ ಪ್ರತಿ ಭಾನುವಾರ ಹೀಗೆ ನೋಡಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಿದ್ದಳು, ಅವಳ ಅಂದಾಜು ಒಂದು ದಿನಕ್ಕಿಂತ ಹೆಚ್ಚು ತಪ್ಪಿದ್ದಿಲ್ಲ.

ಟ್ರೈಲರ್‌ನ ಮುಂಭಾಗದ ಚೌಕಟ್ಟು ಇಷ್ಟು ದೊಡ್ಡ ಟ್ಯಾಂಕನ್ನು ಹೊರುವುದಕ್ಕಾಗಿ ಮಾಡಿದ್ದಲ್ಲ; ಇದು ನೆಲದ ಮೇಲೆ, ನಿಂತ ಟ್ರೈಲರ್‌ಗೆ ಮಾತ್ರ ಸಲ್ಲುವ ವಸ್ತು. ನಮಗೆ ಇದರ ಅರಿವಾದದ್ದು ಹೊರಡುವ ಹೊತ್ತಿಗೆ. ಮಾರ್ಚ್‌ನ ಮೂರನೆಯ ವಾರದಲ್ಲಿ ಎಂದಿನಂತೆ ತುಂಬಿಸಿಕೊಂಡ ಮೇಲೆ ಚಳಿ ಹಠಾತ್ತನೆ ಇಳಿದು, ತಿಂಗಳ ಕೊನೆಗೆ ಅರ್ಧಕ್ಕೂ ಹೆಚ್ಚು ಅನಿಲ ಹಾಗೆಯೇ ಉಳಿಯಿತು. ಅದನ್ನು ಒಯ್ಯುವ ದಾರಿ ಇರಲಿಲ್ಲ. ವರ್ಷವಿಡೀ ಅಲ್ಲೇ ಇರುವ, ಕಂಬಳಿ ತಂದುಕೊಟ್ಟಿದ್ದ ಆ ಹಿರಿಯರಿಗೆ ಟ್ಯಾಂಕನ್ನೂ ಹೋಸನ್ನೂ ಅರ್ಧ ಬೆಲೆಗೆ ಕೊಟ್ಟು, ತಯಾರಾದ 12 ವರ್ಷಕ್ಕೆ ಅದರ ಮರುತಪಾಸಣೆ ಆಗಬೇಕೆಂದು ಹೇಳಿ, ಕೊರಳಪಟ್ಟಿಯ ಮೇಲೆ ಒತ್ತಿರುವ ತಿಂಗಳು ಮತ್ತು ವರ್ಷವನ್ನು ತೋರಿಸಿಕೊಟ್ಟು ಬಂದೆವು. ಹೊರಡುವ ದಿನ ನಿಮಗೂ ಗೊತ್ತಿದ್ದರೆ ಕೊನೆಯ ಎರಡು ವಾರಗಳನ್ನು ಸಣ್ಣ ಸಿಲಿಂಡರ್‌ಗಳಲ್ಲಿಯೇ ಕಳೆಯಿರಿ.