ದರಪಟ್ಟಿಯ ಪುಟಕ್ಕೆ ಪೋಲಿಂಗ್, ವೆಬ್‌ಸಾಕೆಟ್, ಎಸ್‌ಎಸ್‌ಇ: ಬಳಸಿ ನೋಡಿದ ಮೇಲೆ

ಅಡಿಕೆ ಮಂಡಿಯೊಂದಕ್ಕೆ, ಟೆಂಡರ್ ತೆರೆದಂತೆಲ್ಲ ಪ್ರತಿ ಲಾಟಿನ ದರ ಗೋಡೆಯ ಪರದೆಯಲ್ಲೂ ಬೆಳೆಗಾರರ ಮೊಬೈಲಿನಲ್ಲೂ ತಾನಾಗಿ ಮೂಡುವ ಪುಟವನ್ನು ಮಾಡಿಕೊಡುವಾಗ ಮೂರು ವಿಧಾನಗಳನ್ನೂ ಬಳಸಿ ನೋಡಿದೆ. ಕೊನೆಗೆ ಉಳಿಸಿಕೊಂಡದ್ದು ಸರ್ವರ್-ಸೆಂಟ್ ಇವೆಂಟ್ಸ್, ಅಂದರೆ ತೆರೆದಿಟ್ಟ ಸಂಪರ್ಕದಲ್ಲಿ ಸರ್ವರೇ ಹೊಸ ಸುದ್ದಿಯನ್ನು ಬ್ರೌಸರಿಗೆ ಕಳಿಸುತ್ತಿರುವ ಎಸ್‌ಎಸ್‌ಇ. ಇಂಥ ಕೆಲಸ ಮತ್ತೆ ಬಂದರೂ ಅದನ್ನೇ ಹಿಡಿಯುತ್ತೇನೆ.

ಪೋಲಿಂಗ್, ಅಂದರೆ ಹೊಸದೇನಾದರೂ ಇದೆಯೇ ಎಂದು ಪುಟವೇ ಸರ್ವರನ್ನು ಮತ್ತೆ ಮತ್ತೆ ಕೇಳುವ ವಿಧಾನ, ಬರೆಯುವುದು ಸುಲಭ. ಆದರೆ ಐದು ಸೆಕೆಂಡಿಗೊಮ್ಮೆ ಕೇಳುವಂತೆ ಇಟ್ಟರೆ, ದರ ಬದಲಾಗದ ಹೊತ್ತಿನಲ್ಲೂ 200 ಮೊಬೈಲುಗಳಿಂದ ನಿಮಿಷಕ್ಕೆ 2,400 ಕೋರಿಕೆಗಳು ಬಂದು ಬರಿಗೈಯಲ್ಲಿ ಮರಳುತ್ತವೆ.

2011ರಲ್ಲಿ ಆರ್‌ಎಫ್‌ಸಿ 6455 ಎಂಬ ಅಂತರ್ಜಾಲ ದಾಖಲೆಯಾಗಿ ಪ್ರಮಾಣಿತಗೊಂಡ ವೆಬ್‌ಸಾಕೆಟ್ ಎರಡೂ ಕಡೆಯ ಮಾತಿಗೆ ಹೇಳಿ ಮಾಡಿಸಿದ್ದು. ನಮ್ಮ ದರ ಹರಿಯುವುದು ಒಂದೇ ದಿಕ್ಕಿಗೆ. ಸಂಪರ್ಕ ಕಡಿದರೆ ಮತ್ತೆ ಜೋಡಿಸುವ, ನಡುವೆ ತಪ್ಪಿದ ಲಾಟುಗಳನ್ನು ತಂದುಕೊಡುವ ಕೋಡನ್ನೆಲ್ಲ ನಾನೇ ಬರೆಯಬೇಕಾಯಿತು. ಎಸ್‌ಎಸ್‌ಇಯಲ್ಲಿ ಬ್ರೌಸರೇ ಮರುಸಂಪರ್ಕ ಮಾಡಿ, ತಾನು ಕೊನೆಗೆ ಪಡೆದ ಸಂದೇಶದ ಐಡಿಯನ್ನು ಸರ್ವರಿಗೆ ಹೇಳುತ್ತದೆ. ಅಂಗಳದಿಂದ ರಸ್ತೆಗೆ ಹೋಗಿ ಸಿಗ್ನಲ್ ಕಳೆದುಕೊಂಡವರು ಹಿಂದಿರುಗಿದಾಗ, ಅವರು ಕೊನೆಗೆ ಕಂಡದ್ದು 47ನೇ ಲಾಟಾದರೆ ಅದರ ನಂತರದವುಗಳನ್ನಷ್ಟೇ ಕಳಿಸಿದರೆ ಸಾಕು.

ನನ್ನನ್ನು ಎರಡು ದಿನ ಕಾಡಿದ್ದು ಬೇರೆಯೇ ತೊಡಕು. ಲ್ಯಾಪ್‌ಟಾಪಿನಲ್ಲಿ ಸರಿಯಾಗಿದ್ದ ಪುಟ ಸರ್ವರಿಗೆ ಹೋದ ಮೇಲೆ ಸುಮ್ಮನೆ ಕೂತಿತು. ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ದರ ಕೂಗಿ ಮುಗಿದು ಎಷ್ಟೋ ಹೊತ್ತಾದ ಮೇಲೆ ಹತ್ತಾರು ಸಾಲುಗಳು ಒಟ್ಟಿಗೇ ಬಂದು ಬೀಳುತ್ತಿದ್ದವು. ಮೊದಲು ನನ್ನ ಕೋಡನ್ನೇ ಅನುಮಾನಿಸಿದೆ, ಆಮೇಲೆ ಮಂಡಿಯ ವೈಫೈಯನ್ನು.

ವಿಳಾಸವೊಂದರ ಉತ್ತರವನ್ನು ತಂದು ತೋರಿಸುವ ಕರ್ಲ್ ಆದೇಶವನ್ನು ಬಫರ್ ಇಲ್ಲದಂತೆ, ಅಂದರೆ ಬಂದದ್ದನ್ನು ಕೂಡಿಡದೆ ಆಗಲೇ ತೋರಿಸುವಂತೆ ಓಡಿಸಿ, ಸರ್ವರಿನೊಳಗಿಂದಲೇ ಆ್ಯಪ್‌ನ ಪೋರ್ಟಿಗೆ ನೇರವಾಗಿ ಕೇಳಿದಾಗ ಸಾಲುಗಳು ಒಂದೊಂದಾಗಿ ಬಂದವು. ಆ್ಯಪ್‌ನ ಮುಂದೆ ನಿಂತು ಕೋರಿಕೆ, ಉತ್ತರಗಳನ್ನು ದಾಟಿಸುವ ಪ್ರಾಕ್ಸಿಯಾದ ಎಂಜಿನ್‌ಎಕ್ಸ್ ಮೂಲಕ ಕೇಳಿದಾಗ ಮೌನ. ಪೂರ್ವನಿಯೋಜಿತವಾಗಿಯೇ ಅದು ಉತ್ತರವನ್ನು ಬಫರಿನಲ್ಲಿ ಕೂಡಿಹಾಕಿಕೊಳ್ಳುತ್ತದೆ. ನನ್ನ ಒಂದು ಸಂದೇಶ ಸುಮಾರು 90 ಬೈಟ್. 4 ಕಿಲೋಬೈಟಿನ ಬಫರ್ ತುಂಬಲು ನಲವತ್ತೈದು ಲಾಟುಗಳು ಬೇಕು! ಉತ್ತರದ ಜೊತೆ 'ಎಕ್ಸ್-ಅಕ್ಸೆಲ್-ಬಫರಿಂಗ್: ನೋ' ಎಂಬ ಹೆಡರ್ ಕಳಿಸಿದ್ದೇ ತಡ, ದರಗಳು ಆಗಿಂದಾಗಲೇ ಬರತೊಡಗಿದವು. 60 ಸೆಕೆಂಡು ಏನೂ ಹರಿಯದಿದ್ದರೆ ಅದೇ ಪ್ರಾಕ್ಸಿ ಸಂಪರ್ಕ ಕಡಿಯುವುದರಿಂದ, 15 ಸೆಕೆಂಡಿಗೊಮ್ಮೆ ಕೋಲನ್‌ನಿಂದ ಶುರುವಾಗುವ ಖಾಲಿ ಟಿಪ್ಪಣಿ ಸಾಲನ್ನೂ ಕಳಿಸುತ್ತಿದ್ದೇನೆ.

ಎಚ್‌ಟಿಟಿಪಿ 1.1ರಲ್ಲಿ ಬ್ರೌಸರುಗಳು ಸಾಮಾನ್ಯವಾಗಿ ಒಂದೇ ತಾಣಕ್ಕೆ ಆರು ಸಂಪರ್ಕಗಳ ಮಿತಿ ಹಾಕುವುದರಿಂದ, ಪ್ರತಿ ಟ್ಯಾಬಿನ ಎಸ್‌ಎಸ್‌ಇಯೂ ಒಂದನ್ನು ಹಿಡಿದಿಡುವುದರಿಂದ, ಹಲವು ಟ್ಯಾಬ್ ತೆರೆಯುವವರಿಗಾಗಿ ಎಚ್‌ಟಿಟಿಪಿ 2 ಹಾಕಿಕೊಳ್ಳಿ.

ತಿಂಗಳಿಗೆ ಕೆಲವೇ ನೂರು ರೂಪಾಯಿಯ ಒಂದೇ ಸರ್ವರನ್ನು ಒಬ್ಬನೇ ನೋಡಿಕೊಳ್ಳುವ, ಸಂದೇಶವನ್ನು ಕಣ್ಣಾರೆ ಓದಿ ತಪ್ಪು ಹುಡುಕುವ ಅಭ್ಯಾಸದ ನನಗೆ ಎಸ್‌ಎಸ್‌ಇಯ ಸರಳ ಪಠ್ಯವೇ ಹೊಂದುತ್ತದೆ. ವ್ಯಾಪಾರಿಗಳೂ ಬೆಳೆಗಾರರೂ ಇದೇ ಪುಟದಲ್ಲಿ ಪರಸ್ಪರ ಚಾಟ್ ಮಾಡಬೇಕೆಂದು ಮಂಡಿಯವರು ಕೇಳಿದ ದಿನ, ಬದಿಗಿಟ್ಟ ವೆಬ್‌ಸಾಕೆಟ್ ಕೋಡನ್ನು ತೆಗೆಯುತ್ತೇನೆ.