"ಬೆಳಗಾವ್ಯಾಗ ಕೆಲಸ ಐತಿ, ನಾಳಿಗೇ ಬಾ" ಎಂಬ ಫೋನು ಬಂದರೆ

ಫೋನು ಮಾಡುವವನು ಗುರುತಿನವನೇ ಆಗಿರುತ್ತಾನೆ. ಪಿಯುಸಿಯಲ್ಲಿ ಪಕ್ಕ ಕೂತವನು, ಇಲ್ಲವೇ ಸೋದರಮಾವನ ಮಗ. "ದೋಸ್ತ, ಕಂಪನಿ ಕೆಲಸ ಐತಿ, ತಿಂಗಳಿಗೆ ಇಪ್ಪತ್ತು ಸಾವಿರ, ಊಟ, ರೂಮು ಅವರದ. ಎರಡ ಸೀಟ್ ಉಳದಾವ, ನಾಳಿಗೇ ಬಾ." ಏನು ಕೆಲಸ ಎಂದರೆ "ಬಂದಮ್ಯಾಗ ಹೇಳ್ತೀನಿ" ಎನ್ನುತ್ತಾನೆ. ಅದು ಸಾಮಾನು ಮಾರುವ ನೆಪದಲ್ಲಿ ಮಂದಿಯ ಕೆಳಗೆ ಮಂದಿ ಸೇರಿಸಿ ರೊಕ್ಕ ಎತ್ತುವ ಜಾಲ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥವುಗಳ ಹೆಸರು ಆಗಾಗ ಬದಲಾಗುತ್ತದೆ, ವಿಧಾನ ಮಾತ್ರ ಅದೇ ಇರುತ್ತದೆ. ಆ ವಿಧಾನ ಗೊತ್ತಿರಲಿ ಎಂದೇ ಈ ಬರಹ.

ಬಾಗಲಕೋಟೆ ಜಿಲ್ಲೆಯ ಮಗ್ಗದ ಮನೆಯೊಂದರ ಹುಡುಗ ಇಂಥ ಕರೆಗೆ ಬಸ್ಸು ಹತ್ತಿದ. ಬೆಳಗಾವಿ ಬಸ್ ಸ್ಟ್ಯಾಂಡಿಗೆ ಗೆಳೆಯ ತಾನೇ ಬಂದು ಬ್ಯಾಗು ಹೊತ್ತುಕೊಂಡ. ಊರ ಹೊರಗಿನ ರೂಮಿನಲ್ಲಿ ಹನ್ನೊಂದು ಹುಡುಗರಿದ್ದರು. ಇವನು ಬಾಗಿಲಿಗೆ ಬಂದ ಕೂಡಲೇ ಎಲ್ಲರೂ ಎದ್ದು ನಿಂತು ಕೈಕುಲುಕಿ "ಸರ್" ಎಂದರು. ಅಲ್ಲಿಯವರೆಗೆ ಅವನಿಗೆ ಯಾರೂ ಸರ್ ಎಂದಿರಲಿಲ್ಲ. ಕೆಲಸದ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ಮೊಬೈಲುಗಳೆಲ್ಲ ಚಾರ್ಜಿಗೆಂದು ಒಂದೇ ಮೂಲೆಗೆ ಹೋದವು. ರಾತ್ರಿ ಒಂದರವರೆಗೆ ಮಾತು, ಬೆಳಗ್ಗೆ ಐದಕ್ಕೆ ಎಬ್ಬಿಸಿದರು.

ಈ ನಿದ್ದೆಗೇಡು ಬೇಕೆಂದೇ ಮಾಡುವಂಥದ್ದು. ನಾಲ್ಕು ತಾಸು ಮಲಗಿದ ತಲೆ ಲೆಕ್ಕ ಹಾಕಲು ಒಲ್ಲೆ ಎನ್ನುತ್ತದೆ, ಹೂಂ ಅನ್ನುವುದೇ ಸಲೀಸು ಅನಿಸುತ್ತದೆ.

ಎರಡನೆಯ ದಿನ ಸೆಮಿನಾರ್. ಹೊಸಬನ ಎಡಕ್ಕೂ ಬಲಕ್ಕೂ ಹಳಬರನ್ನೇ ಕೂಡಿಸುತ್ತಾರೆ. ಕೋಟು ಹಾಕಿದವನೊಬ್ಬ ತಾನೂ ಹಮಾಲಿ ಮಾಡುತ್ತಿದ್ದೆ ಎನ್ನುತ್ತಾನೆ, ಸಭೆಯೆಲ್ಲ ಚಪ್ಪಾಳೆ. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಈ ಒತ್ತಡವನ್ನು ಅಳೆದಿದ್ದರು. ಗೆರೆಗಳಲ್ಲಿ ಯಾವುದು ಎಷ್ಟುದ್ದ ಎಂಬುದು ಕಣ್ಣಿಗೆ ಕಾಣುವಂತಿದ್ದರೂ, ಸುತ್ತಲಿನವರೆಲ್ಲ ಒಂದೇ ತಪ್ಪನ್ನು ಹೇಳಿದಾಗ ಸುಮಾರು ಮೂರರಲ್ಲೊಂದು ಸಲ ಜನ ತಪ್ಪಿಗೇ ದನಿಗೂಡಿಸಿದರು. ಗುಂಪಿನಲ್ಲಿ ಸರಿ ಹೇಳುವ ಒಬ್ಬನೇ ಒಬ್ಬ ಇದ್ದರೆ ಆ ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಇಬ್ಬರು ಗೆಳೆಯರು ಒಟ್ಟಿಗೆ ಹೋದರೆ ಬೇರೆ ಬೇರೆ ಸಾಲಿನಲ್ಲಿ ಕೂಡಿಸುವುದು ಇದಕ್ಕೇ. ಎದ್ದು ಗೆಳೆಯನ ಪಕ್ಕಕ್ಕೆ ಬಂದು ಕೂಡಿರಿ. ಬಿಡದಿದ್ದರೆ ಅಲ್ಲಿಂದಲೇ ಹೊರಡಿರಿ.

ಆಮೇಲೆ ಒಂದು ಹಾಳೆ ಬಂತು: "ನಿಮ್ಮ ಅವ್ವಗ ಏನು ಕೊಡಸಬೇಕಂತೀರಿ, ಬರೀರಿ." ಹುಡುಗ ಅವ್ವನ ಮೊಣಕಾಲಿನ ಆಪರೇಶನ್ ಎಂದು ಬರೆದ. ಹಾಳೆಯನ್ನು ಅವರೇ ಇಟ್ಟುಕೊಂಡರು. ಮುಂದೆ ಅವನು ಹಿಂದೆಗೆದಾಗಲೆಲ್ಲ "ಅವ್ವನ ಮೊಣಕಾಲು ಮರತಿಯೇನು?" ಎಂಬ ಮಾತು ಬರುತ್ತಿತ್ತು.

ಮೊದಲು ಕೇಳಿದ್ದು ಹೆಸರು ನೋಂದಣಿಗೆ 500 ರೂಪಾಯಿ. ಮರುದಿನ 18,000. ಐನೂರು ಅವರಿಗೆ ಲೆಕ್ಕಕ್ಕಿಲ್ಲ, ಅದು ಬಾಗಿಲು ಮುಚ್ಚದಂತೆ ಒಳಗಿಟ್ಟ ಕಾಲು. 1966ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಪ್ರಯೋಗವೊಂದರಲ್ಲಿ, ಮನೆ ಮುಂದೆ "ಜಾಗರೂಕತೆಯಿಂದ ಗಾಡಿ ಓಡಿಸಿ" ಎಂಬ ದೊಡ್ಡ ವಿಕಾರ ಫಲಕ ನೆಡಲು ನೇರವಾಗಿ ಕೇಳಿದಾಗ ಒಪ್ಪಿದವರು ಸುಮಾರು 17 ಶೇಕಡಾ. ಎರಡು ವಾರ ಮೊದಲು ಅದೇ ಅರ್ಥದ ಮೂರು ಇಂಚಿನ ಚೀಟಿಗೆ ಹೂಂ ಅಂದಿದ್ದವರಲ್ಲಿ ಒಪ್ಪಿದ್ದು 76 ಶೇಕಡಾ. ಸಣ್ಣ ಹೂಂ ಒಂದು ಬಿದ್ದರೆ ಮನುಷ್ಯ ತಾನು ಇಂಥವನು ಎಂದು ತನಗೇ ಹೇಳಿಕೊಂಡುಬಿಡುತ್ತಾನೆ. ಆದ್ದರಿಂದ ಐನೂರಕ್ಕೇ ಬೇಡ ಎನ್ನಿರಿ.

ಮೂರನೆಯ ದಿನ ಕೈಗೆ ಇನ್ನೂರು ಪುಟದ ನೋಟ್‌ಬುಕ್ಕು ಕೊಟ್ಟು ನೂರು ಹೆಸರು ಬರೆಯಿಸಿದರು. ಹೆಸರು, ಊರು, ಏನು ಕೆಲಸ, ಕಬ್ಬಿನ ಬಿಲ್ಲು ಬರುವ ಮನೆಯೇ, ನೌಕರಿಯವರು ಯಾರಿದ್ದಾರೆ, ಇತ್ತೀಚೆಗೆ ಮದುವೆಯಾಗಿದೆಯೇ, ಯಾರಾದರೂ ತೀರಿಕೊಂಡಿದ್ದಾರೆಯೇ, ಒಂದೊಂದಕ್ಕೂ ಗೆರೆ ಹಾಕಿದ ಖಾನೆ. ಕೊನೆಯ ಖಾನೆಯಲ್ಲಿ ಕೆಂಪು ಪೆನ್ನಿನ ಟಿಕ್ಕು, ಕಷ್ಟದಲ್ಲಿರುವವರಿಗೆ ಮೊದಲ ಫೋನು. ಕರೆ ಮಾಡುವಾಗ ಸ್ಪೀಕರ್ ಹಾಕಬೇಕು, ಪಕ್ಕದಲ್ಲಿ ಹಳಬ ಕೂತಿರಬೇಕು, ಕೆಲಸ ಏನೆಂದು ಹೇಳಬಾರದು. ಹುಡುಗ ಹನ್ನೆರಡನೆಯ ದಿನ ಚಿಕ್ಕಪ್ಪನ ಮಗನನ್ನು ಕರೆಸಿದ.

ನಿಜವಾದ ಬೀಗ ಬಿದ್ದದ್ದು ಅಲ್ಲಿ. ಹದಿನೆಂಟು ಸಾವಿರ ಹೋಯಿತು ಎಂದು ಬಿಟ್ಟು ಬರಬಹುದು. ಆದರೆ ಚಿಕ್ಕಪ್ಪನ ಮಗ, ತಮ್ಮನೇ ಆದವನನ್ನು ತಂದು ಸೇರಿಸಿದ ಮೇಲೆ "ಇದು ಮೋಸ" ಎಂದು ಒಪ್ಪಿದರೆ ತಾನೇ ಮೋಸಗಾರ ಆದಂತೆ. ಆ ಸಂಕಟ ತಪ್ಪಿಸಿಕೊಳ್ಳಲು ಮನಸ್ಸು ಇದು ಒಳ್ಳೆಯ ಕಂಪನಿಯೇ ಎಂದು ಇನ್ನಷ್ಟು ಗಟ್ಟಿಯಾಗಿ ನಂಬುತ್ತದೆ. ಓದಿದವರು, ಜಾಣರು ಸಹ ಉಳಿಯುವುದು ಈ ಕಾರಣಕ್ಕೆ. ಅವರನ್ನು ದಡ್ಡರೆಂದು ಹೀಯಾಳಿಸುವವರಿಗೆ ಈ ಬೀಗ ಕಂಡಿಲ್ಲ.

ಲೆಕ್ಕವೂ ನಡೆಯುವಂಥದ್ದಲ್ಲ. ಒಬ್ಬ ಆರು ಜನರನ್ನು, ಆ ಆರೂ ಜನ ತಲಾ ಆರು ಜನರನ್ನು ಸೇರಿಸುತ್ತ ಹೋದರೆ 6, 36, 216 ಹೀಗೆ ಎಂಟನೆಯ ಮೆಟ್ಟಿಲಿಗೆ ಒಟ್ಟು 20,15,538 ಜನ ಆಗಬೇಕು. 2011ರ ಜನಗಣತಿಯಲ್ಲಿ ವಿಜಯಪುರ ಜಿಲ್ಲೆಯ ಜನಸಂಖ್ಯೆ, ತೊಟ್ಟಿಲ ಕೂಸು ಸೇರಿ, ಸುಮಾರು 21.77 ಲಕ್ಷ. ಏಣಿಯ ಆ 20 ಲಕ್ಷದಲ್ಲಿ ಸುಮಾರು 16.8 ಲಕ್ಷ ಜನ ಕೊನೆಯ ಮೆಟ್ಟಿಲಿನವರು, ಅವರ ಕೆಳಗೆ ಸೇರಿಸಲು ಮಂದಿಯೇ ಉಳಿದಿರುವುದಿಲ್ಲ. ಸೆಮಿನಾರಿನಲ್ಲಿ ಈ ಪ್ರಶ್ನೆ ಎತ್ತಿದರೆ "ನೆಗೆಟಿವ್ ಮಾತಾಡಬ್ಯಾಡ್ರಿ" ಎಂದು ಬಾಯಿ ಮುಚ್ಚಿಸುತ್ತಾರೆ. ರೊಕ್ಕ ಬರದಿದ್ದರೆ ತಪ್ಪು ಯಾವಾಗಲೂ ನಿಮ್ಮದೇ: ಶ್ರದ್ಧೆ ಕಡಿಮೆ, ಫೋನು ಕಡಿಮೆ.

ಇದು ಕಂಪನಿಗಳಷ್ಟೇ ಮಾಡುವ ಕೆಲಸವಲ್ಲ. ಧ್ಯಾನ, ಪ್ರಾರ್ಥನೆ, ವ್ಯಕ್ತಿತ್ವ ವಿಕಸನದ ಹೆಸರಿನ ಗುಂಪುಗಳಲ್ಲೂ ಇದೇ ಏಣಿ ಇರಬಹುದು. ನೂರು ಹೆಸರಿನ ನೋಟ್‌ಬುಕ್ಕಿನ ಜಾಗದಲ್ಲಿ ತಪ್ಪೊಪ್ಪಿಗೆಯ ನೋಟ್‌ಬುಕ್ಕು ಇರುತ್ತದೆ, ಅಷ್ಟೇ. ಹಾಗೆಂದು ಭಜನಾ ಮಂಡಳಿ, ಮಠ, ದಿಂಡಿಗಳನ್ನೆಲ್ಲ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಪಂಢರಪುರಕ್ಕೆ ನಡೆದು ಹೊರಟವನು ನಡುದಾರಿಯಲ್ಲಿ ಕಾಲು ಸೋತು ಬಸ್ಸು ಹತ್ತಿ ಮನೆಗೆ ಬಂದರೆ ಅವನ ಬಳಗ ಅವನನ್ನು ಬಿಟ್ಟುಬಿಡುವುದಿಲ್ಲ. ನೋಡಬೇಕಾದದ್ದು ಇದನ್ನೇ. ಬಿಟ್ಟು ಹೋದವರ ಬಗ್ಗೆ ಆ ಗುಂಪು ಏನು ಮಾತಾಡುತ್ತದೆ? ರೊಕ್ಕದ ಲೆಕ್ಕ ಕೇಳಿದರೆ ತೋರಿಸುತ್ತಾರೆಯೇ? "ಮನೆಗೆ ಹೋಗಿ ಒಂದು ರಾತ್ರಿ ವಿಚಾರ ಮಾಡಿ ಹೇಳ್ತೀನಿ" ಎಂದರೆ ಮುಖ ಹೇಗಾಗುತ್ತದೆ? ಒಂದು ರಾತ್ರಿಯ ಸಮಯ ಕೊಡಲೊಲ್ಲದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿರಿ.

ಮೂಲ ಅಂಕಪಟ್ಟಿ ಕೊಡಬೇಡಿರಿ, ಖಾಲಿ ಬಾಂಡ್ ಪೇಪರಿಗೆ ಸಹಿ ಹಾಕಬೇಡಿರಿ. "ಸ್ವಂತ ಇಚ್ಛೆಯಿಂದ ಸಾಮಾನು ಖರೀದಿಸಿದ್ದೇನೆ" ಎಂಬ ಕಾಗದ ಮುಂದಿಟ್ಟರೆ, ಆಮೇಲೆ ರೊಕ್ಕ ವಾಪಸ್ ಕೇಳದಂತೆ ಕಟ್ಟಿಹಾಕಲು ಅದು.

ಮನೆಯವರು ಮಾಡುವ ದೊಡ್ಡ ತಪ್ಪು ಬೈಯುವುದು. "ಮನೆಯವರು ಬೈತಾರ, ಅದ ನಿಮ್ಮ ಮೊದಲನೇ ಪರೀಕ್ಷೆ" ಎಂದು ಅಲ್ಲಿ ಮೊದಲೇ ಹೇಳಿಕೊಟ್ಟಿರುತ್ತಾರೆ. ಅಪ್ಪ ಬೈದ ಕೂಡಲೇ ಕೋಟಿನವನ ಭವಿಷ್ಯ ನಿಜವಾಯಿತು. ಅದರ ಬದಲು ದಿನಾ ಒಂದೇ ಹೊತ್ತಿಗೆ ಫೋನು ಮಾಡಿರಿ. ಉಂಡಿಯೇನಪಾ, ಎಷ್ಟಕ್ಕ ಮಲಗಿದಿ, ಎಮ್ಮಿ ಈಯ್ತು, ಇಷ್ಟೇ ಮಾತು ಸಾಕು. ರೊಕ್ಕ ಕೇಳಿದರೆ "ಅದಕ್ಕ ಕೊಡಂಗಿಲ್ಲ, ಬಸ್ ಚಾರ್ಜ್ ಮಾತ್ರ ಯಾವಾಗ ಬೇಕಂದ್ರೂ ಹಾಕ್ತೀವಿ" ಎನ್ನಿರಿ. ಜಾತ್ರೆಗೋ ಅಕ್ಕನ ಸೀಮಂತಕ್ಕೋ ಕರೆಸಿ, ಎರಡು ರಾತ್ರಿ ಪೂರ್ತಿ ಮಲಗಲು ಬಿಡಿರಿ. ಮೂರನೆಯ ದಿನ ಒಂದು ಹಾಳೆ ಕೊಟ್ಟು ಎರಡು ಖಾನೆ ಬರೆಯಿಸಿರಿ: ಸಾಮಾನು ಮಾರಿ ಬಂದದ್ದೆಷ್ಟು, ಮಂದಿ ಸೇರಿಸಿ ಬಂದದ್ದೆಷ್ಟು. ಉತ್ತರವನ್ನು ಅವನೇ ಓದಲಿ, ನೀವು ಓದಬೇಡಿರಿ.

ಕಾನೂನಿನ ಬಲ ಇದೆ. ಮಂದಿ ಸೇರಿಸಿದ್ದಕ್ಕೆ ರೊಕ್ಕ ಕೊಡುವ ಹಣ ಚಲಾವಣೆ ಯೋಜನೆಗಳನ್ನು 1978ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ಮೂರು ವರ್ಷದವರೆಗೆ ಜೈಲು ಆಗಬಹುದು. ಅಂಗಡಿಯಿಲ್ಲದೆ ಮಂದಿಯ ಮೂಲಕ ಮಾರುವ ನೇರ ಮಾರಾಟಕ್ಕೆ ಇರುವ 2021ರ ನಿಯಮಗಳೂ ಹೀಗೆ ಮಂದಿಯ ಕೆಳಗೆ ಮಂದಿ ಸೇರಿಸುವ ಪಿರಮಿಡ್ ಯೋಜನೆಯನ್ನು ಬೇಡ ಎಂದಿವೆ. ಯುಪಿಐ ರಸೀದಿ, ವಾಟ್ಸಾಪ್ ಸಂದೇಶ, ನೋಟ್‌ಬುಕ್ಕಿನ ಪುಟಗಳ ಫೋಟೊ ಇಟ್ಟುಕೊಳ್ಳಿರಿ. ಘಟನೆ ಬೆಳಗಾವಿಯಲ್ಲಿ ನಡೆದಿದ್ದರೂ ನಿಮ್ಮ ಊರಿನ ಠಾಣೆಯಲ್ಲೇ ಝೀರೋ ಎಫ್‌ಐಆರ್ ಮಾಡಿಸಬಹುದು. ಹೊರಗೆ ಬಿಡದಿದ್ದರೆ 112, ಆನ್‌ಲೈನ್ ವಂಚನೆಗೆ 1930, ಗ್ರಾಹಕ ದೂರಿಗೆ 1915. ನಿದ್ದೆ ಹತ್ತದಿದ್ದರೆ, ಬದುಕೇ ಬೇಡ ಅನಿಸಿದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗ ಮೂರು ತಿಂಗಳಿಗೆ ತಿರುಗಿ ಬಂದ. ಬಂದ ಮೇಲೂ ಒಂದು ಕೆಲಸ ಉಳಿದಿತ್ತು, ತಾನು ಸೇರಿಸಿದ ತಮ್ಮನಿಗೆ ಫೋನು ಮಾಡುವುದು. ಇಂಥ ಫೋನಿಗೆ ಒಬ್ಬನನ್ನೇ ಬಿಡಬೇಡಿರಿ, ಪಕ್ಕದಲ್ಲಿ ಕೂಡಿರಿ. ಉದ್ದ ಭಾಷಣ ಬೇಕಿಲ್ಲ. "ತಮ್ಮಾ, ನಿನ್ನ ಕರದವ ನಾನ. ತಪ್ಪು ನನ್ನದು. ನಾ ಮನಿಗೆ ಬಂದೀನಿ, ನೀನೂ ಬಾ. ಸ್ಟ್ಯಾಂಡಿಗೆ ನಾನ ಬರ್ತೀನಿ."