ನೂರಕ್ಕೆ ನೂರರ ಫ್ಲೆಕ್ಸ್ ಪ್ರಿಂಟ್ ಮಾಡಿದವನು ಬರೆದ ಹೈಸ್ಕೂಲ್ ರಿವ್ಯೂ: ಐದಕ್ಕೆ ಮೂರು ಸ್ಟಾರ್

ಮೊದಲೇ ಹೇಳಿಬಿಡ್ತೀನಿ, ಈ ಶಾಲೆಯ ಹೆಸರು ಬರೆಯಲ್ಲ. ನನ್ನ ಮಗ ಇನ್ನೂ ಅಲ್ಲೇ ಓದ್ತಿದ್ದಾನೆ, ಅದೊಂದು. ಇನ್ನೊಂದು, ಅವರ ಫ್ಲೆಕ್ಸು, ಐಡಿ ಕಾರ್ಡು, ವಾರ್ಷಿಕೋತ್ಸವದ ಆಮಂತ್ರಣ ಎಲ್ಲಾ ಪ್ರಿಂಟ್ ಆಗೋದು ನನ್ನ ಅಂಗಡಿಯಲ್ಲಿ. ದಾವಣಗೆರೆಯ ಹೊಂಡದ ಸರ್ಕಲ್ ಕಡೆ ಹನ್ನೆರಡು ವರ್ಷದಿಂದ ಒಂದು ಮಷಿನ್ ಇಟ್ಟುಕೊಂಡು ಕೂತಿದ್ದೀನಿ. ಜೂನ್ ತಿಂಗಳ ಬಾಡಿಗೆ ಕಟ್ಟೋದೇ ಶಾಲೆಗಳ ದುಡ್ಡಿನಲ್ಲಿ. ಹೆಸರಿಲ್ಲದ ರಿವ್ಯೂ ಯಾತಕ್ಕೆ ಅಂದರೆ, ಊರಲ್ಲಿ ಇಂಥ ಶಾಲೆ ಇದೊಂದೇ ಅಲ್ಲ. ನೀವು ಮಗುವನ್ನು ಎಂಟನೇ ಕ್ಲಾಸಿಗೆ ಸೇರಿಸೋಕೆ ವಿದ್ಯಾನಗರ, ನಿಟುವಳ್ಳಿ, ಕೆಟಿಜೆ ನಗರ ಸುತ್ತುತ್ತಾ ಇದ್ದರೆ ಕೆಲಸಕ್ಕೆ ಬರಬಹುದು.

ಮಗಳು ಎಂಟರಿಂದ ಹತ್ತರವರೆಗೆ ಮೂರು ವರ್ಷ ಅಲ್ಲಿ ಓದಿ, 2025ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಳು. 625ಕ್ಕೆ 487. ನಮ್ಮ ಮನೆತನದಲ್ಲಿ ಇದೇ ದಾಖಲೆ. ನಾನು ಗಣಿತದಲ್ಲಿ ಎರಡು ಸಲ ಹೋಗಿ ಮೂರನೇ ಸಲ ದಡ ಸೇರಿದವನು.

ರಿಸಲ್ಟ್ ಬಂದದ್ದು ಮೇ 2ಕ್ಕೆ, ಶುಕ್ರವಾರ. ಆ ದಿನ ನಮ್ಮಂಥವರಿಗೆ ಗಣೇಶನ ಹಬ್ಬಕ್ಕಿಂತ ಜೋರು. ಮಧ್ಯಾಹ್ನ ಮಗಳ ಅಂಕ ಮೊಬೈಲಲ್ಲಿ ನೋಡಿ, ಹೆಂಡತಿಗೆ ಫೋನ್ ಮಾಡಿ ಇಡೋದರೊಳಗೆ ಶಾಲೆಯ ಆಫೀಸಿನಿಂದ ವಾಟ್ಸಾಪ್ ಬಂತು. "ಸರ್, 20 ಬೈ 10, ಅರ್ಜೆಂಟ್, ಸಂಜೆಯೊಳಗೆ ಕಟ್ಟಿಸಬೇಕು." ಜೊತೆಗೆ ಫೋಟೊಗಳು. 600 ದಾಟಿದವರದು ದೊಡ್ಡದು, 563ರ ಮೇಲಿನವರದು ಸ್ಟ್ಯಾಂಪ್ ಸೈಜು. ನಡುವೆ ಹಳದಿ ಅಕ್ಷರದಲ್ಲಿ "ಶೇ. 100 ಫಲಿತಾಂಶ, 71ಕ್ಕೆ 71". ಸೊನ್ನೆ ಇನ್ನೂ ಸ್ವಲ್ಪ ದಪ್ಪ ಮಾಡಿ ಅಂತ ಎರಡು ಸಲ ವಾಪಸ್ ಕಳಿಸಿದರು. ನನ್ನ ಮಗಳ ಫೋಟೊ ಇರಲಿಲ್ಲ, 487ಕ್ಕೆ ಇರೋದೂ ಇಲ್ಲ. ಬೇರೆಯವರ ಮಕ್ಕಳ ಕೂದಲಿನ ಅಂಚು ಕತ್ತರಿಸುತ್ತಾ ಕೂತೆ. ದುಃಖ ಆಗಲಿಲ್ಲ ಅಂದರೆ ಸುಳ್ಳು.

ಆದರೆ ಈ ರಿವ್ಯೂ ಹುಟ್ಟಿದ್ದು ಆ ಫೋಟೊದಿಂದ ಅಲ್ಲ, 71 ಅನ್ನೋ ಅಂಕಿಯಿಂದ. ಟೈಪ್ ಮಾಡುವಾಗ ಎಲ್ಲೋ ಒಂದು ಕಡೆ ಕಚ್ಚಿತು. ನನ್ನ ಕಂಪ್ಯೂಟರಿನಲ್ಲಿ ಯಾವ ಫೈಲನ್ನೂ ಡಿಲೀಟ್ ಮಾಡೋ ಅಭ್ಯಾಸ ಇಲ್ಲ. ಐಡಿ ಕಾರ್ಡಿನ ಫೋಲ್ಡರ್ ತೆಗೆದು ನೋಡಿದೆ. 2022ರ ಜೂನ್, ಎಂಟನೇ ತರಗತಿ: 94 ಕಾರ್ಡು. 2023, ಒಂಬತ್ತನೇ ತರಗತಿ: 92. 2024, ಹತ್ತನೇ ತರಗತಿ: 71.

ಒಂಬತ್ತರಿಂದ ಹತ್ತಕ್ಕೆ ಹೋಗುವಾಗ 21 ಮಕ್ಕಳು ಎಲ್ಲಿ ಹೋದರು?

ಎಲ್ಲರನ್ನೂ ಶಾಲೆಯೇ ಕಳಿಸಿತು ಅಂತ ನಾನು ಹೇಳಲ್ಲ. ಇಬ್ಬರ ಅಪ್ಪಂದಿರಿಗೆ ವರ್ಗಾವಣೆ ಆಗಿತ್ತು, ಒಬ್ಬ ಹರಿಹರಕ್ಕೆ ಅಜ್ಜಿ ಮನೆಗೆ ಹೋದ. ಉಳಿದವರ ಕತೆ ಮಗಳಿಗೆ ಗೊತ್ತಿತ್ತು, ನಾನು ಕೇಳಿರಲಿಲ್ಲ ಅಷ್ಟೇ. ಒಂಬತ್ತನೇ ಕ್ಲಾಸಿನ ಕೊನೆಯಲ್ಲಿ ಪೋಷಕರನ್ನು ಒಬ್ಬೊಬ್ಬರನ್ನೇ ಕರೆಸಿದ್ದರಂತೆ. ಬೈಯೋದಿಲ್ಲ, ಗದರೋದಿಲ್ಲ. ಕುರ್ಚಿ ಹಾಕಿ, ಚಹಾ ತರಿಸಿ, "ನಿಮ್ಮ ಮಗುವಿಗೆ ಇಲ್ಲಿಯ ಸ್ಪೀಡು ಭಾರ ಆಗ್ತಿದೆ, ಬೇರೆ ಕಡೆ ಸೇರಿಸಿದರೆ ಅದಕ್ಕೇ ಒಳ್ಳೇದು, ಟಿ.ಸಿ.ಯಲ್ಲಿ ಪಾಸ್ ಅಂತಲೇ ಬರೆದುಕೊಡ್ತೀವಿ" ಅಂತ. ಕೂಲಿ ಮಾಡೋ ಅಪ್ಪ ಅಂಥ ಮರ್ಯಾದೆಗೆ ಎದುರು ಮಾತಾಡಲ್ಲ. ಮಗಳ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಹೀಗೇ ಹೋದವಳು. ಅವರಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡ್ತಾರೆ. ಆ ಹೊಗೆ, ಆ ಬಿಸಿ ಮರಳಿನ ಮುಂದೆ ದಿನವಿಡೀ ನಿಂತು ಖಾಸಗಿ ಶಾಲೆಯ ಫೀಸು ಕಟ್ಟಿದ ಮನುಷ್ಯ.

ಲೆಕ್ಕ ಬಹಳ ಸರಳ. ಶೇಕಡಾ ಲೆಕ್ಕದಲ್ಲಿ ಪಾಸಾದವರು ಮೇಲಿನ ಅಂಕಿ, ಪರೀಕ್ಷೆಗೆ ಕೂತವರು ಕೆಳಗಿನ ಅಂಕಿ. ಮೇಲಿನ ಅಂಕಿ ದೊಡ್ಡದು ಮಾಡಬೇಕಾದರೆ ಪಾಠ ಮಾಡಬೇಕು, ಅದು ಕಷ್ಟ. ಕೆಳಗಿನದನ್ನು ಚಿಕ್ಕದು ಮಾಡೋಕೆ ಒಂದು ಚಹಾ ಸಾಕು. ಅದೇ ಮೇ 2ರಂದು ಬೋರ್ಡೇ ಕೊಟ್ಟ ಎರಡು ಅಂಕಿ ನೋಡಿ. ರೆಗ್ಯುಲರ್ ಆಗಿ ಮೊದಲ ಸಲ ಬರೆದವರದು ಶೇ. 66.14. ಖಾಸಗಿ ಅಭ್ಯರ್ಥಿಗಳು, ಹಿಂದೆ ಫೇಲಾಗಿ ಮತ್ತೆ ಬರೆದವರು ಎಲ್ಲರೂ ಸೇರಿದರೆ ಶೇ. 62.34. ಒಂದೇ ಪರೀಕ್ಷೆ, ಒಂದೇ ದಿನ. ಯಾರನ್ನು ಲೆಕ್ಕಕ್ಕೆ ಹಿಡಿದಿರಿ ಅನ್ನೋದರ ಮೇಲೆ ಸುಮಾರು ನಾಲ್ಕು ಅಂಶ ಆಚೀಚೆ. ಇಡೀ ರಾಜ್ಯಕ್ಕೇ ಹಂಗಾದರೆ 94 ಮಕ್ಕಳ ಒಂದು ಶಾಲೆಗೆ ಎಷ್ಟಾಗಬೇಡ.

ಜಿಲ್ಲೆಯ ಅಂಕಿಗಳೂ ಇದೇ ತರ ಜಾರುಬಂಡೆಗಳು. ನನ್ನ ಹೆಂಡತಿ ತವರು ಚಿತ್ರದುರ್ಗ. 2023ರಲ್ಲಿ ದುರ್ಗ ಶೇ. 96.80 ತಗೊಂಡು ರಾಜ್ಯಕ್ಕೇ ಮೊದಲು ಬಂದಾಗ ನನ್ನ ಭಾಮೈದ ಒಂದು ವಾರ ನಮ್ಮನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯಲಿಲ್ಲ. "ನಿಮ್ಮ ಜಿಲ್ಲೆ 1997ರ ತನಕ ನಮ್ಮದೇ ತುಂಡು" ಅಂತ ಬೇರೆ. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ದುರ್ಗ ಶೇ. 72ರ ಆಸುಪಾಸಿಗೆ ಇಳಿದು, ಪಟ್ಟಿಯಲ್ಲಿ ಇಪ್ಪತ್ತರಿಂದಾಚೆ ಹೋಯಿತು. ಆ ವರ್ಷ ಇಡೀ ರಾಜ್ಯದ್ದೇ 83.89ರಿಂದ 73.40ಕ್ಕೆ ಬಿತ್ತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ದುರ್ಗದ ಮಕ್ಕಳೆಲ್ಲ ದಡ್ಡರಾದರೇ, ಮೇಷ್ಟ್ರುಗಳೆಲ್ಲ ಪಾಠ ಮರೆತರೇ? ಭಾಮೈದ ಈಗ ಆ ವಿಷಯ ಎತ್ತಲ್ಲ. ನಾನೂ ಹಬ್ಬದ ದಿನ ಮಾತ್ರ ಎತ್ತುತ್ತೀನಿ.

ಸರಿ, ಶಾಲೆಗೆ ಬರೋಣ. ಒಳ್ಳೇದೂ ಹೇಳಬೇಕು.

ಕನ್ನಡ ಮೇಡಂಗೆ ಐದಕ್ಕೆ ಆರು ಸ್ಟಾರ್. ಗೈಡು ಮುಟ್ಟೋಕೆ ಬಿಡ್ತಿರಲಿಲ್ಲ. ಒಂದು ಭಾನುವಾರ ಮಕ್ಕಳನ್ನು ಸಂತೆಬೆನ್ನೂರಿನ ಪುಷ್ಕರಣಿಗೆ ಕರೆದುಕೊಂಡು ಹೋಗಿ, ಮೆಟ್ಟಿಲ ಮೇಲೆ ಕೂರಿಸಿ, "ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ, ಸುಂದರ ಅನ್ನೋ ಪದ ಬಳಸಿದರೆ ಸೊನ್ನೆ" ಅಂದರಂತೆ. ನನ್ನ ಮಗಳು ನೀರಿನ ಮೇಲೆ ತೇಲುತ್ತಿದ್ದ ಒಂದು ಚಪ್ಪಲಿ ಬಗ್ಗೆ ಎರಡು ಪುಟ ಬರೆದಿದ್ದಳು. ಆ ಎರಡು ಪುಟ ಈಗಲೂ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ. ಕನ್ನಡದಲ್ಲಿ 125ಕ್ಕೆ 121 ಬಂತು. ಆದರೆ ಆ ಚಪ್ಪಲಿಗೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ.

ಗಣಿತಕ್ಕೆ ಮೂರು ವರ್ಷದಲ್ಲಿ ನಾಲ್ಕು ಜನ ಮೇಷ್ಟ್ರು ಬದಲಾದರು. ಸಂಬಳದ ವಿಷಯ ಅಂತ ಎಲ್ಲರಿಗೂ ಗೊತ್ತು. ಕೊನೆಗೆ ಪಿ.ಜೆ. ಬಡಾವಣೆಯಲ್ಲಿ ಟ್ಯೂಷನ್ನಿಗೆ ಹಾಕಿದೆ, ವರ್ಷಕ್ಕೆ 9,000. ಗಣಿತದಲ್ಲಿ ಬಂದದ್ದು 61. ಅದರಲ್ಲಿ 20 ಆಂತರಿಕ ಅಂಕ, ಶಾಲೆಯೇ ಕೊಟ್ಟದ್ದು. ಉಳಿದ 41 ಅವಳು 80ಕ್ಕೆ ಬರೆದು ತಗೊಂಡದ್ದು. ಆಂತರಿಕ ಅಂಕ ಕ್ಲಾಸಿನಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಇಪ್ಪತ್ತಕ್ಕೆ ಇಪ್ಪತ್ತೇ. ಎಫ್‌ಎ, ಅಂದರೆ ಆಂತರಿಕ ಅಂಕದ ಕಿರುಪರೀಕ್ಷೆಗಳಿಗೆ ಅಂತ ಮಕ್ಕಳು ತರೋ ಪ್ರಾಜೆಕ್ಟಿನ ಚಾರ್ಟುಗಳನ್ನು ಪ್ರಿಂಟ್ ತೆಗೆದುಕೊಡೋದೂ ನಾನೇ, ಅದಕ್ಕೇ ಹೇಳ್ತಿದ್ದೀನಿ. ಒಂದೇ ಜ್ವಾಲಾಮುಖಿಯನ್ನು ಒಂದು ಸಂಜೆ ಹದಿನೇಳು ಜನರಿಗೆ ಕೊಟ್ಟಿದ್ದೀನಿ.

ಲ್ಯಾಬ್ ಇದೆ, ಬೀಗ ತೆಗೆದದ್ದನ್ನು ಮಗಳು ನಾಲ್ಕು ಸಲ ನೋಡಿದ್ದಾಳೆ. ಶೌಚಾಲಯ ಸ್ವಚ್ಛ, ನೀರು ಚೆನ್ನಾಗಿದೆ. ಬಸ್ಸು ಮಾತ್ರ ದಾರಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳುತ್ತೆ, ಅದಕ್ಕೆ ಶಾಲೆ ಏನು ಮಾಡೀತು.

ಹತ್ತನೇ ಕ್ಲಾಸು ಬಂತು ಅಂದರೆ ಆಟದ ಪೀರಿಯಡ್ ಸತ್ತಂತೆ. ಬೆಳಗ್ಗೆ ಏಳಕ್ಕೆ ಸ್ಪೆಷಲ್ ಕ್ಲಾಸು, ಸಂಜೆ ಆರರ ತನಕ ರಿವಿಷನ್ನು. ಫೆಬ್ರವರಿಯಲ್ಲಿ ಪ್ರಿಪರೇಟರಿ ಮುಗಿದ ಮೇಲೆ ಮಕ್ಕಳನ್ನು ಮೂರು ಗುಂಪು ಮಾಡಿದರು. ಮೇಲಿನವರಿಗೆ 600 ದಾಟೋ ತಯಾರಿ, ಕೆಳಗಿನವರಿಗೆ "ಪಾಸಿಂಗ್ ಪ್ಯಾಕೇಜ್". ಅಂದರೆ ಬಂದೇ ಬರುತ್ತೆ ಅನ್ನೋ ಪ್ರಶ್ನೆಗಳನ್ನು ಉರು ಹೊಡೆಸಿ 80ಕ್ಕೆ 28, ಅಂದರೆ ಆಗಿನ ಪಾಸಿನ ಅಂಕ, ದಾಟಿಸೋದು. ಆ ಎರಡು ಗುಂಪಿಗೂ ಒಳ್ಳೆಯ ಮೇಷ್ಟ್ರು ಸಿಕ್ಕರು. ನಡುವಿನ ಗುಂಪಿಗೆ ಯಾರೂ ಇಲ್ಲ, "ನೀವು ಓದ್ಕೊಳ್ರಪ್ಪಾ" ಅಷ್ಟೇ. ಯಾಕೆಂದರೆ ನಡುವಿನವರು ಫೇಲಾಗಲ್ಲ, ಫ್ಲೆಕ್ಸಿಗೂ ಬರಲ್ಲ. ನನ್ನ ಮಗಳು ಆ ನಡುವಿನವಳು.

ನನ್ನ ತಂಗಿ ಸಂಸಾರ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದೆ. ಅವಳ ಮಗಳಿಗೂ ಹೆಚ್ಚುಕಮ್ಮಿ ಇದೇ ವಯಸ್ಸು. ವಿಡಿಯೊ ಕಾಲ್‌ನಲ್ಲಿ ಇದನ್ನೆಲ್ಲ ಹೇಳಿದಾಗ ತಂಗಿ ಅಲ್ಲಿಯ ಒಂದು ಲೆಕ್ಕ ಹೇಳಿದಳು, ಪ್ರೋಗ್ರೆಸ್ 8 ಅಂತ, 2016ರಲ್ಲಿ ಶುರುವಾದದ್ದು. ಮಗು ಹನ್ನೊಂದನೇ ವಯಸ್ಸಿನ ಪರೀಕ್ಷೆಯಲ್ಲಿ ಎಲ್ಲಿತ್ತು ಅಂತ ನೋಡ್ತಾರೆ. ದೇಶದಲ್ಲಿ ಅದೇ ಮಟ್ಟದಿಂದ ಹೊರಟ ಬೇರೆ ಮಕ್ಕಳು ಹದಿನಾರಕ್ಕೆ ಎಂಟು ವಿಷಯದಲ್ಲಿ ಎಲ್ಲಿ ಮುಟ್ಟಿದರು ಅಂತ ನೋಡ್ತಾರೆ. ಈ ಶಾಲೆಯ ಮಕ್ಕಳು ಅವರಿಗಿಂತ ಮುಂದೋ ಹಿಂದೋ, ಅದೇ ಶಾಲೆಯ ಅಂಕ. ಸೊನ್ನೆ ಬಂದರೆ ಸರಾಸರಿ. ನಮ್ಮ ಶಾಲೆಯವರಿಗೆ ಸೊನ್ನೆ ಅಂದರೆ ಒಂದರ ಪಕ್ಕ ಎರಡು ಇರಲೇಬೇಕು, ಅಲ್ಲಿ ಒಂದೇ ಸೊನ್ನೆಗೂ ಮರ್ಯಾದೆ ಇದೆ. 2025 ಮತ್ತು 2026ಕ್ಕೆ ಮಾತ್ರ ಆ ಲೆಕ್ಕ ಅಲ್ಲೂ ಇಲ್ಲವಂತೆ. ಆ ಮಕ್ಕಳಿಗೆ ಹನ್ನೊಂದಾದಾಗ, ಅಂದರೆ 2020 ಮತ್ತು 2021ರಲ್ಲಿ, ಕೊರೊನಾದಿಂದ ಆ ಪರೀಕ್ಷೆಯೇ ನಡೆದಿರಲಿಲ್ಲ. ಹೊರಟ ಜಾಗ ಗೊತ್ತಿಲ್ಲದೆ ನಡೆದ ದೂರ ಅಳೆಯೋಕಾಗಲ್ಲ.

"ಅಲ್ಲಿ ಯಾರೂ ಚಹಾ ಕುಡಿಸಿ ಕಳಿಸಲ್ವಾ?" ಅಂದೆ. ಕಳಿಸ್ತಾರಂತೆ. ಅದಕ್ಕೊಂದು ಹೆಸರೂ ಇದೆಯಂತೆ, ಆಫ್ ರೋಲಿಂಗ್. ಶಾಲೆಯ ಲಾಭಕ್ಕೆ ಮಗುವಿನ ಹೆಸರನ್ನು ಪಟ್ಟಿಯಿಂದ ಜಾರಿಸೋದು. ತಪಾಸಣೆಗೆ ಬರೋರು ಅದನ್ನು ಹುಡುಕ್ತಾರಂತೆ. ನಮ್ಮಲ್ಲಿ ಅದಕ್ಕಿನ್ನೂ ಹೆಸರಿಟ್ಟಿಲ್ಲ.

ಆ ರಾತ್ರಿ ಮಗಳ ಹಳೆ ಅಂಕಪಟ್ಟಿ ತೆಗೆದೆ. ಎಂಟನೇ ಕ್ಲಾಸಿನಲ್ಲಿ ಶೇ. 61, ಹತ್ತರಲ್ಲಿ 77.92. ಹದಿನೇಳು ಹೆಜ್ಜೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಶಾಲೆಯದೆಷ್ಟು, ಟ್ಯೂಷನ್ನಿನದೆಷ್ಟು, ರಾತ್ರಿ ಹನ್ನೊಂದರ ತನಕ ಪಕ್ಕ ಕೂತ ಅವರಮ್ಮನದೆಷ್ಟು, ಯಾವ ತಕ್ಕಡಿಯಲ್ಲಿ ತೂಗೋದು? 625ಕ್ಕೆ 610 ತಗೊಂಡ ಹುಡುಗ ಎಂಟರಲ್ಲೂ ಶೇ. 96ರಲ್ಲೇ ಇದ್ದ, ಪ್ರವೇಶ ಪರೀಕ್ಷೆ ಮಾಡಿ ಆರಿಸಿಕೊಂಡ ಹುಡುಗ. ಅವನು ಒಳ್ಳೆಯವನೇ, ಅವನ ತಪ್ಪೇನಿಲ್ಲ. ಆದರೆ ಅವನ ಫೋಟೊ ಶಾಲೆಯ ಬಗ್ಗೆ ಏನು ಹೇಳುತ್ತೆ?

ಮಂಡಕ್ಕಿ ಭಟ್ಟಿಯವರ ಹುಡುಗಿ ಸರ್ಕಾರಿ ಹೈಸ್ಕೂಲಿಗೆ ಸೇರಿದ್ದಳು. ಎಸ್ಸೆಸ್ಸೆಲ್ಸಿಯ ಮೊದಲ ಸುತ್ತಾದ ಪರೀಕ್ಷೆ-1ರಲ್ಲಿ ಗಣಿತ ಹೋಯಿತು. ಆ ಸರ್ಕಾರಿ ಶಾಲೆಯ ಫಲಿತಾಂಶದಲ್ಲಿ ಅವಳೊಂದು ಕಪ್ಪುಚುಕ್ಕೆ, ನಮ್ಮ ಶಾಲೆಯ ನೂರರಲ್ಲಿ ಅವಳ ಸುಳಿವೇ ಇಲ್ಲ. ಅಲ್ಲಿಯ ಗಣಿತದ ಮೇಷ್ಟ್ರು ಮೇ ತಿಂಗಳ ಬಿಸಿಲಲ್ಲಿ ಫೇಲಾದ ಎಂಟು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು, ರಜೆಯಲ್ಲಿ. ಫೇಲಾದವರು ಮತ್ತೆ ಬರೆಯೋ ಪರೀಕ್ಷೆ-2ರಲ್ಲಿ ಅವಳಿಗೆ ಗಣಿತದಲ್ಲಿ 44 ಬಂತು, ಒಟ್ಟು 318. ಅವರಪ್ಪ ಒಂದು ಚೀಲ ಗರಿಗರಿ ಮಂಡಕ್ಕಿ ತಂದು ನಮ್ಮ ಅಂಗಡಿಯಲ್ಲಿಟ್ಟು ಹೋದರು. ಆ ಮೇಷ್ಟ್ರಿಗೆ ಫ್ಲೆಕ್ಸ್ ಯಾರೂ ಆರ್ಡರ್ ಕೊಟ್ಟಿಲ್ಲ.

ಅಡ್ಮಿಷನ್ನಿಗೆ ಹೋಗೋರು ಫ್ಲೆಕ್ಸಿನ ಫೋಟೊ ಎಣಿಸಬೇಡಿ. ಆಫೀಸಿನಲ್ಲಿ ಒಂದೇ ಪ್ರಶ್ನೆ ಕೇಳಿ: ಈ ಸಲ ಹತ್ತನೇ ಕ್ಲಾಸು ಬರೆದ ಬ್ಯಾಚು ಎಂಟರಲ್ಲಿದ್ದಾಗ ಎಷ್ಟು ಜನ ಇದ್ದರು? ಸರ್ಕಾರದ ದಾಖಲೆಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೂ ಸ್ಯಾಟ್ಸ್ ಅನ್ನೋ ನಂಬರ್ ಇದೆ, ಶಾಲೆಗೆ ಡೈಸ್ ಅನ್ನೋ ಕೋಡ್ ಇದೆ, ಲೆಕ್ಕ ಇಲ್ಲ ಅನ್ನೋ ಹಾಗಿಲ್ಲ. ಉತ್ತರ ಕೊಡುವಾಗ ಅವರ ಮುಖ ನೋಡಿ. ಜೊತೆಗೆ ಇಡೀ ಕ್ಲಾಸಿನ ಸರಾಸರಿ ಕೇಳಿ, ಗಣಿತದ ಮೇಷ್ಟ್ರು ಎಷ್ಟು ವರ್ಷದಿಂದ ಇದ್ದಾರೆ ಅಂತಲೂ ಕೇಳಿ.

ಮೂರು ಸ್ಟಾರ್ ಯಾಕೆ ಅಂದರೆ, ಒಂದೂವರೆ ಕನ್ನಡ ಮೇಡಂಗೆ, ಒಂದು ಶೌಚಾಲಯ ಮತ್ತು ನೀರಿಗೆ, ಅರ್ಧ ನನ್ನ ಬಿಲ್ಲು ಹೊತ್ತಿಗೆ ಸರಿಯಾಗಿ ಕೊಡ್ತಾರೆ ಅನ್ನೋದಕ್ಕೆ. ಮತ್ತೆ ಮಗನನ್ನು ಅಲ್ಲೇ ಯಾಕೆ ಬಿಟ್ಟಿದ್ದೀರಿ ಅಂತ ಕೇಳ್ತೀರಿ, ನನ್ನ ಹೆಂಡತಿಯೂ ಅದನ್ನೇ ಕೇಳಿದಳು. ಮನೆಗೆ ಹತ್ತಿರ, ಅವನ ಗೆಳೆಯರೆಲ್ಲ ಅಲ್ಲೇ, ಕನ್ನಡ ಮೇಡಂ ಇನ್ನೂ ಇದ್ದಾರೆ. ಇಷ್ಟೇ ಉತ್ತರ. ಅಷ್ಟು ಗಟ್ಟಿ ಉತ್ತರ ಅಲ್ಲ ಅಂತ ನನಗೂ ಗೊತ್ತು.

ಮೊನ್ನೆ ಹೊಸ ವರ್ಷದ ಐಡಿ ಕಾರ್ಡಿನ ಆರ್ಡರ್ ಬಂತು. ಎಂಟನೇ ತರಗತಿಗೆ 102 ಕಾರ್ಡು, ಅದರಲ್ಲಿ ಒಂದು ನನ್ನ ಮಗಂದು. ಪ್ರಿಂಟ್ ಕೊಟ್ಟ ಮೇಲೆ ಫೈಲನ್ನು "8ನೇ ತರಗತಿ 2025, 102" ಅಂತ ಸೇವ್ ಮಾಡಿ, ಒಂದು ಕಾಪಿ ಪೆನ್‌ಡ್ರೈವಿಗೂ ಹಾಕಿ, ಚಪ್ಪಲಿಯ ಆ ಎರಡು ಪುಟದ ಪಕ್ಕ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೀನಿ.